ಸುದ್ದಿಯ ಸಂಜೀವಿನಿ ಮತ್ತು ನಮ್ಮ ಸಂಶಯ

ಕಳೆದ ರಾಜ್ಯೋತ್ಸವದ ಸಂಜೆ ಸಂಘದ ಸಭಾಗೃಹದಲ್ಲಿ ಭಾಷಣಗಳೆಲ್ಲ ಮುಗಿದು ಉಪ್ಪಿಟ್ಟು, ಕಾಫಿಯ ವೇಳೆಗೆ ಹಿರಿಯ ಸದಸ್ಯರೊಬ್ಬರು ಅಂದಿನ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಯಾವುದೋ ದೇಶದ ಪ್ರಯೋಗಾಲಯದಲ್ಲಿ ಕ್ಯಾನ್ಸರಿಗೆ ಹೊಸ ಮದ್ದು ಸಿಕ್ಕಿತೆಂಬ ಸುದ್ದಿ ಅದು. ಅವರು ಓದಿ ಮುಗಿಸುವುದರೊಳಗೆ ಇನ್ನೊಬ್ಬರು, "ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ಗುಣವಾಗುತ್ತಲೇ ಇದೆ ರಾಯರೇ, ಸಾಯುವವರು ಮಾತ್ರ ಸಾಯುತ್ತಲೇ ಇದ್ದಾರೆ" ಎಂದರು. ನೆರೆದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಹೊತ್ತಿಗೆ ನನ್ನ ಮನೆಯ ಒಳಕೋಣೆಯಲ್ಲಿ ನನ್ನ ಅಕ್ಕ ಶಸ್ತ್ರಚಿಕಿತ್ಸೆ ಮುಗಿಸಿ, ರೇಡಿಯೇಷನ್ನಿನ ಸರದಿಗಾಗಿ ಕಾಯುತ್ತ ಮಲಗಿದ್ದಳು. ಅವಳು ಅಲ್ಲಿ ಮಲಗುವಂತಾದುದಕ್ಕೆ ಅಂಥದೇ ಒಂದು ಸುದ್ದಿಯ ಪಾಲೂ ಇದ್ದಿತು.

ನಕ್ಕವರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಅವರ ಸಂಶಯಕ್ಕೆ ಕಾರಣವಿದೆ, ಚರಿತ್ರೆಯಿದೆ. ಆದರೆ ಹೊರನಾಡಿನಲ್ಲಿರುವ ನಮ್ಮಂಥ ವಿದ್ಯಾವಂತರ ಸಂಶಯವು ಇಂದು ಹರಿಯಬೇಕಾದ ಕಡೆ ಹರಿಯದೆ ಬೇರೆಲ್ಲೋ ಹರಿಯುತ್ತಿದೆಯೆಂಬುದು ನನ್ನ ತಕರಾರು. ನಾನು ವೈದ್ಯನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯ ಸೇವೆಗೆ ಸೇರಿ ಮೂವತ್ತು ವರ್ಷಗಳಾದವು. ಪರರ ಲೆಕ್ಕವನ್ನು ಓಚರ್ ನೋಡದೆ ಒಪ್ಪದಿರುವುದೇ ನನ್ನ ವೃತ್ತಿ. ಹಾಗಾಗಿ ಸಂಶಯದ ಬಗೆಗೆ ಮಾತನಾಡಲು ನನಗೆ ಅಷ್ಟಿಷ್ಟು ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. 1998ರ ಮೇ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಬಾಸ್ಟನ್ನಿನ ಡಾ. ಜೂಡಾ ಫೋಕ್‌ಮನ್ ಅವರ ಸಂಶೋಧನೆಯ ವರದಿ ಪ್ರಕಟವಾಯಿತು. ಗೆಡ್ಡೆಗೆ ರಕ್ತ ಒದಗಿಸುವ ನಾಳಗಳು ಬೆಳೆಯದಂತೆ ತಡೆದರೆ ಗೆಡ್ಡೆಯು ಹಸಿವಿನಿಂದ ಸಾಯುತ್ತದೆ ಎಂಬುದು ಅವರ ಸಿದ್ಧಾಂತ. ಆಂಜಿಯೋಸ್ಟಾಟಿನ್, ಎಂಡೋಸ್ಟಾಟಿನ್ ಎಂಬೆರಡು ವಸ್ತುಗಳಿಂದ ಇಲಿಗಳಲ್ಲಿ ಗೆಡ್ಡೆಗಳು ಕರಗಿದ್ದವು. ಫೋಕ್‌ಮನ್ನರು ಎರಡು ವರ್ಷಗಳಲ್ಲಿ ಕ್ಯಾನ್ಸರನ್ನು ಗುಣಪಡಿಸಲಿದ್ದಾರೆ ಎಂಬ ಮಾತನ್ನು ಆ ವರದಿಯು ನೊಬೆಲ್ ಪುರಸ್ಕೃತ ವಿಜ್ಞಾನಿ ಜೇಮ್ಸ್ ವಾಟ್ಸನ್ನರ ಬಾಯಲ್ಲಿ ಇರಿಸಿತು. ತಾವು ಹಾಗೆ ಹೇಳಿದ ನೆನಪಿಲ್ಲವೆಂದು ವಾಟ್ಸನ್ನರು ಕೆಲವೇ ದಿನಗಳಲ್ಲಿ ಅದೇ ಪತ್ರಿಕೆಗೆ ಬರೆದರು. ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಶುಕ್ರವಾರ 12 ಡಾಲರಿನ ಆಸುಪಾಸಿನಲ್ಲಿದ್ದ ಎಂಟ್ರೆಮೆಡ್ ಎಂಬ ಕಂಪನಿಯ ಷೇರು ಸೋಮವಾರ ಒಂದು ಹಂತದಲ್ಲಿ 85 ಡಾಲರನ್ನು ಮುಟ್ಟಿತು.

ಆಗ ನಾನು ಮುಂಬಯಿಗೆ ಹೊಸಬ. ಸಂಘದ ಗೋಡೆಪತ್ರಿಕೆಯ ಹೊಣೆ ನನ್ನದಾಗಿತ್ತು. ಆ ಸುದ್ದಿಯನ್ನು ಉತ್ಸಾಹದಿಂದ ಕನ್ನಡಿಸಿ, "ಎರಡೇ ವರ್ಷದಲ್ಲಿ ಕ್ಯಾನ್ಸರ್ ನಿರ್ಮೂಲ" ಎಂದು ಕೆಂಪು ಶಾಯಿಯಲ್ಲಿ ತಲೆಬರಹ ಬರೆದು ಅಂಟಿಸಿದೆ. ಮರುದಿನ ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ವಾಚನಾಲಯದಲ್ಲಿ ನನಗಾಗಿ ಕಾದು ಕುಳಿತಿದ್ದರು. "ಸಾಹೇಬರೇ, ಈ ಔಷಧ ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದು ಕೇಳಿದರು. ಅವರ ಪತ್ನಿ ರೋಗದ ಕೊನೆಯ ಹಂತದಲ್ಲಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷ ಕಾಯುವ ಆಯುಷ್ಯ ಆ ತಾಯಿಗೂ ಇರಲಿಲ್ಲ. ಆ ಹಿರಿಯರು ಮತ್ತೆ ನಮ್ಮ ವಾಚನಾಲಯದ ಕಡೆ ಬರಲಿಲ್ಲ.

ಮುಂದೇನಾಯಿತೆಂಬುದನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಬರೆಯಲಿಲ್ಲ. ಅಮೆರಿಕದಲ್ಲಿ ಆ ಎರಡು ಔಷಧಗಳಿಗೂ ಅನುಮತಿ ದೊರೆಯಲೇ ಇಲ್ಲ. ಎಂಡೋಸ್ಟಾಟಿನ್ನಿನ ಮಾರ್ಪಡಿಸಿದ ರೂಪವೊಂದಕ್ಕೆ ಚೀನಾ 2005ರಲ್ಲಿ ಅನುಮತಿ ನೀಡಿತು. ಆದರೆ ಫೋಕ್‌ಮನ್ನರ ಸಿದ್ಧಾಂತ ಸುಳ್ಳಾಗಿರಲಿಲ್ಲ. ಅದೇ ತತ್ತ್ವದ ಬೆವಾಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದೊಡ್ಡ ಕರುಳಿನ ಕ್ಯಾನ್ಸರ್ ದೇಹದಲ್ಲಿ ಹರಡಿದವರಲ್ಲಿ ಅದು ಮಧ್ಯಮ ಆಯುಷ್ಯವನ್ನು 15.6 ತಿಂಗಳಿಂದ 20.3 ತಿಂಗಳಿಗೆ ಏರಿಸಿತು. "ನಿರ್ಮೂಲ"ವೆಂದು ನಾನು ಕೆಂಪು ಶಾಯಿಯಲ್ಲಿ ಬರೆದದ್ದರ ನಿಜವಾದ ಫಸಲು ನಾಲ್ಕೂ ಮುಕ್ಕಾಲು ತಿಂಗಳಿಗಿಂತ ಕಡಿಮೆ. ಮೊಮ್ಮಗಳ ಮದುವೆ ನೋಡಬಯಸುವವರಿಗೆ ಆ ತಿಂಗಳುಗಳು ಅಮೂಲ್ಯ. ಆದರೆ ಅಷ್ಟನ್ನು ಅಷ್ಟೆಂದೇ ಹೇಳಬೇಕಿತ್ತು.

ತಾವು ಇಲಿಗಳನ್ನಷ್ಟೇ ಗುಣಪಡಿಸಬಲ್ಲೆವೆಂದು ಫೋಕ್‌ಮನ್ನರೇ ವಿನೋದದಿಂದ ಹೇಳಿದ್ದರು. ವಿಜ್ಞಾನಿಯ ಈ ವಿನಯ ತಲೆಬರಹದಲ್ಲಿ ಹಿಡಿಯುವುದಿಲ್ಲ. ಸರ್ಕಾರಿ ಕಾಮಗಾರಿಗಳ ಭಾಷೆಯಲ್ಲಿ ಹೇಳುವುದಾದರೆ ಇಲಿಯ ಮೇಲಿನ ಪ್ರಯೋಗವೆಂಬುದು ಅಡಿಗಲ್ಲು. ಅಡಿಗಲ್ಲು ಇಟ್ಟ ಸೇತುವೆಗಳೆಲ್ಲ ನದಿಯನ್ನು ದಾಟಿಸುವುದಿಲ್ಲ. ಇಲಿಯ ಹಂತ ದಾಟಿ ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ಇಳಿದ ಕ್ಯಾನ್ಸರ್ ಔಷಧಗಳಲ್ಲಿ ಕೂಡ ಕೊನೆಗೆ ಅನುಮತಿ ಪಡೆಯುವವು ನೂರಕ್ಕೆ ಐದರ ಆಸುಪಾಸು ಮಾತ್ರ. ನಮ್ಮ ಪತ್ರಿಕೆಗಳು ಅಡಿಗಲ್ಲಿನ ಸಮಾರಂಭವನ್ನೇ ಉದ್ಘಾಟನೆಯೆಂದು ವರದಿ ಮಾಡುತ್ತವೆ. ಜನ ಬುತ್ತಿ ಕಟ್ಟಿಕೊಂಡು ಬಂದು ನೋಡಿದರೆ ಸೇತುವೆಯೇ ಇಲ್ಲ. ಹೀಗೆ ಹತ್ತು ಸಲ ಬಂದು ಮರಳಿದವನು ಹನ್ನೊಂದನೆಯ ಸಲ ನಕ್ಕರೆ ಅವನನ್ನು ಅಜ್ಞಾನಿಯೆನ್ನಲಾದೀತೇ?

ಸುದ್ದಿ ನಿಜವಾಗಿದ್ದಾಗಲೂ ಇದೇ ಕಥೆ. 2022ರ ಜೂನ್‌ನಲ್ಲಿ "ಇತಿಹಾಸದಲ್ಲೇ ಮೊದಲ ಬಾರಿಗೆ ಕ್ಯಾನ್ಸರ್ ಮಾಯ" ಎಂಬ ಧಾಟಿಯ ತಲೆಬರಹಗಳು ದೇಶದ ಎಲ್ಲ ಭಾಷೆಗಳಲ್ಲೂ ಬಂದವು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಡೋಸ್ಟಾರ್ಲಿಮಾಬ್ ಎಂಬ ಔಷಧ ಪಡೆದ 12 ರೋಗಿಗಳಲ್ಲಿ ಹನ್ನೆರಡೂ ಮಂದಿಯ ಗೆಡ್ಡೆ ಕಾಣದಾಗಿತ್ತು. ಇದು ನಿಜ. 2025ರ ವೇಳೆಗೆ ಅದೇ ಬಗೆಯ 49 ರೋಗಿಗಳಲ್ಲಿ ನಲವತ್ತೊಂಬತ್ತೂ ಮಂದಿಗೆ ಅದೇ ಫಲ ದೊರೆತುದು ವರದಿಯಾಯಿತು. ವೈದ್ಯಕೀಯದಲ್ಲಿ ಇಂಥ ಸಂಖ್ಯೆ ಅಪರೂಪ. ಆದರೆ ಅವರೆಲ್ಲರದೂ ಗುದನಾಳದ ಕ್ಯಾನ್ಸರ್. ಅದರಲ್ಲಿಯೂ ಜೀವಕೋಶದ ಡಿ.ಎನ್.ಎ. ದುರಸ್ತಿ ವ್ಯವಸ್ಥೆ ಕೆಟ್ಟಿರುವ ಒಂದು ವಿಶೇಷ ಬಗೆ. ಗುದನಾಳದ ಕ್ಯಾನ್ಸರಿನ ರೋಗಿಗಳಲ್ಲಿ ಈ ಬಗೆಯವರು ನೂರಕ್ಕೆ ಐದರಿಂದ ಹತ್ತು ಮಂದಿ. ಉಳಿದ ತೊಂಬತ್ತು ಮಂದಿಗೆ, ಬಾಯಿಯ, ಸ್ತನದ, ಶ್ವಾಸಕೋಶದ ರೋಗಿಗಳಿಗೆ ಆ ತಲೆಬರಹದಲ್ಲಿ ಪಾಲಿಲ್ಲವೆಂಬುದನ್ನು ಹೇಳಿದ ಪತ್ರಿಕೆಗಳು ಎಷ್ಟು? ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ, ನೂರಾರು ರೋಗಗಳಿಗೆ ನಾವಿಟ್ಟ ಒಂದೇ ಹೆಸರು ಎಂಬ ಮೂಲಪಾಠವನ್ನೇ ಮರೆಸುವ ಸುದ್ದಿಯು, ಅದರೊಳಗಿನ ಅಂಕಿ ಎಷ್ಟೇ ಸರಿಯಿದ್ದರೂ, ಓದುಗನಿಗೆ ಅರ್ಧಸತ್ಯವನ್ನೇ ಕೊಡುತ್ತದೆ.

ಇನ್ನು ನನ್ನ ಅಕ್ಕನ ಮಾತು. ಗದಗ ಜಿಲ್ಲೆಯ ಊರಿನಲ್ಲಿರುವ ಅವಳಿಗೆ 2024ರ ನವೆಂಬರಿನಲ್ಲಿ ಎಡ ಎದೆಯಲ್ಲಿ ಗಂಟು ಕೈಗೆ ಹತ್ತಿತು. ಪರೀಕ್ಷೆಯಾಗಿ, ಕ್ಯಾನ್ಸರೆಂದು ತಿಳಿದು, ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಗಿತ್ತು. ಡಿಸೆಂಬರಿನಲ್ಲಿ ರಷ್ಯಾದ ಆರೋಗ್ಯ ಇಲಾಖೆಯ ಸಂಸ್ಥೆಯೊಂದರ ಮುಖ್ಯಸ್ಥರು, ತಮ್ಮ ದೇಶ ಕ್ಯಾನ್ಸರಿಗೆ ಲಸಿಕೆ ಸಿದ್ಧಪಡಿಸಿದೆ, 2025ರಲ್ಲಿ ರೋಗಿಗಳಿಗೆ ಉಚಿತವಾಗಿ ದೊರೆಯಲಿದೆ ಎಂದು ಸಾರಿದರು. ಮನುಷ್ಯರ ಮೇಲಿನ ಪ್ರಯೋಗದ ಪ್ರಕಟಿತ ಫಲಿತಾಂಶ ಆ ಘೋಷಣೆಯೊಂದಿಗೆ ಇರಲಿಲ್ಲ. ಅದು ರೋಗ ಬಾರದಂತೆ ತಡೆಯುವ ಲಸಿಕೆಯೂ ಆಗಿರಲಿಲ್ಲ. ರೋಗಿಯೊಬ್ಬನ ಗೆಡ್ಡೆಯ ಗುಣವನ್ನರಿತು ಅವನಿಗಾಗಿಯೇ ತಯಾರಿಸಬೇಕಾದ ಚಿಕಿತ್ಸೆ. ನಮ್ಮಲ್ಲಿ ಮಾತ್ರ ಅದು "ಬಂತು ಕ್ಯಾನ್ಸರ್ ಲಸಿಕೆ" ಎಂದಾಯಿತು. ಪತ್ರಿಕೆಯ ತುಣುಕು ವಾಟ್ಸಾಪಿನಲ್ಲಿ ಅಳಿಯನಿಂದ ಮಗನಿಗೆ, ಮಗನಿಂದ ತಾಯಿಗೆ ತಲುಪಿತು. ನಾನು ಫೋನು ಮಾಡಿದಾಗ ಅಕ್ಕ ಹೇಳಿದ್ದು: "ಹೊಸಾ ಲಸಿ ಬರತೈತಂತ ತಮ್ಮಾ, ಪುಕ್ಕಟೆ ಕೊಡತಾರಂತ. ಅದು ಬರೂತನಾ ತಡಿಯೂಣು. ಸುಮ್ನ ಎದಿ ಯಾಕ ಕೊಯ್ಸಿಕೊಳ್ಳೂದು?"

ಎದೆ ಕೊಯ್ಯಿಸಿಕೊಳ್ಳಲು ಹೆದರಿದ ಹೆಂಗಸಿಗೆ ಕಾಯಲು ಒಂದು ಕಾರಣ ಬೇಕಿತ್ತು. ಪತ್ರಿಕೆ ಅದನ್ನು ಒದಗಿಸಿತು. ನಾನು ಹೇಳಿದೆ, ಬೇಡಿಕೊಂಡೆ, ಕೊನೆಗೆ ಸಿಟ್ಟಿನಿಂದ ಫೋನು ಇಟ್ಟೆ. ಆ ಸಿಟ್ಟಿಗೆ ಈಗ ಪಶ್ಚಾತ್ತಾಪವಿದೆ. ಅಂದೇ ಗದಗಿನ ರೈಲು ಹತ್ತಬೇಕಿತ್ತು. ನಾಲ್ಕು ತಿಂಗಳ ನಂತರ ಅವಳನ್ನು ಮುಂಬಯಿಗೆ ಕರೆತಂದಾಗ ರೋಗ ಕಂಕುಳಿನ ಗ್ರಂಥಿಗಳನ್ನು ಸೇರಿತ್ತು. "ಮೊದಲೇ ಬಂದಿದ್ದರೆ" ಎಂದು ವೈದ್ಯರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಆ ತಲೆಬರಹ ಬರೆದವರು ಇಂದಿಗೂ ತಲೆಬರಹಗಳನ್ನು ಬರೆಯುತ್ತಿದ್ದಾರೆ. ಅವರ ಮೇಲೆ ಯಾವ ಆಡಿಟ್ ಆಕ್ಷೇಪಣೆಯೂ ಇಲ್ಲ.

ಹಾಗಾದರೆ ಏನನ್ನೂ ನಂಬಬಾರದೆಂದು ನಕ್ಕವರ ಪಕ್ಷವೇ ಸರಿಯಾಯಿತೆ? ಇಲ್ಲಿಯೇ ನಾನು ಅವರಿಂದ ಬೇರೆಯಾಗುತ್ತೇನೆ. ಹದಿನೈದು ವರ್ಷಗಳ ಹಿಂದೆ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರಿಗೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದಿತು. ಅದಕ್ಕೆ ಇಮಾಟಿನಿಬ್ ಎಂಬ ಗುಳಿಗೆ ಇದೆ. 2001ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದನ್ನು ಟೈಮ್ ವಾರಪತ್ರಿಕೆ ಅದೇ ತಿಂಗಳು ಮುಖಪುಟಕ್ಕೇರಿಸಿತ್ತು. ಈ ಒಂದು ಸಲ ಮುಖಪುಟ ಸುಳ್ಳಾಗಲಿಲ್ಲ. ಆ ಗುಳಿಗೆಯಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ನೂರಕ್ಕೆ 83 ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿರುತ್ತಾರೆಂಬ ಲೆಕ್ಕ 2017ರಲ್ಲಿ ಪ್ರಕಟವಾಗಿದೆ. ಸಹೋದ್ಯೋಗಿಗೆ ಅದರ ಖರ್ಚು ಕೂಡ ಸರ್ಕಾರದ್ದೇ. ಆದರೂ ಅವರು, "ಇದೆಲ್ಲ ಕಂಪನಿಗಳ ಆಟ. ಇಂಥ ಎಷ್ಟು ಸುದ್ದಿ ಓದಿಲ್ಲ ನಾನು!" ಎಂದು ಗುಳಿಗೆಯನ್ನು ಮೂರೇ ತಿಂಗಳಿಗೆ ಬಿಟ್ಟರು. ಬಿಟ್ಟು ಸುಮ್ಮನಿದ್ದರೇ? ಇಲ್ಲ, ಯಾರೋ ಕೊಟ್ಟ ಬೇರಿನ ಪುಡಿಯನ್ನು ಜೇನಿನಲ್ಲಿ ಕಲಸಿ ಸೇವಿಸತೊಡಗಿದರು. ವರ್ಷ ಕಳೆದು ಆಸ್ಪತ್ರೆಗೆ ಮರಳಿದಾಗ ರೋಗ ಉಲ್ಬಣಿಸಿತ್ತು. ಅವರ ಅಂತ್ಯಕ್ರಿಯೆಗೆ ಹೋದವರಲ್ಲಿ ನಾನೂ ಒಬ್ಬ.

ನನ್ನ ಅಕ್ಕ ಸುಳ್ಳನ್ನು ನಂಬಿ ಕೆಟ್ಟಳು. ಆ ಮಿತ್ರರು ಸತ್ಯವನ್ನು ನಂಬದೆ ಕೆಟ್ಟರು. ಇಬ್ಬರನ್ನೂ ಕೆಡಿಸಿದ್ದು ಒಂದೇ. ತೂಕವಿಲ್ಲದ ಸುದ್ದಿಯನ್ನು ದಿನವೂ ಉಣಬಡಿಸಿದರೆ ಮುಗ್ಧನು ಎಲ್ಲವನ್ನೂ ನುಂಗುತ್ತಾನೆ, ಜಾಣನು ಎಲ್ಲವನ್ನೂ ಉಗುಳುತ್ತಾನೆ. ಆರಿಸಿ ಉಣ್ಣುವುದನ್ನು ಇಬ್ಬರೂ ಕಲಿಯುವುದಿಲ್ಲ. ಇನ್ನೂ ಒಂದು ಮಾತು: ಆಸ್ಪತ್ರೆಯ ಮಾತಿಗೆ ಪ್ರಮಾಣ ಕೇಳುವ ಜಾಣನು ಬೇರಿನ ಪುಡಿಗೆ ಪ್ರಮಾಣ ಕೇಳಲಿಲ್ಲ. ಸಾಗರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮರದ ತೊಗಟೆಯ ಔಷಧಕ್ಕಾಗಿ ಮುಂಬಯಿ, ಪುಣೆಗಳಿಂದಲೂ ಜನ ಹೋಗಿ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುತ್ತಿದ್ದುದನ್ನು ನಾವೆಲ್ಲ ಬಲ್ಲೆವು. ಅವರಲ್ಲಿ ಪದವೀಧರರಿಗೆ ಕೊರತೆಯಿರಲಿಲ್ಲ.

ಸಂಶಯವಾದಿಗಳ ಬಾಯಲ್ಲಿ ಸದಾ ಇರುವ ಇನ್ನೊಂದು ಮಾತನ್ನು ಇಲ್ಲಿ ಪರಿಶೀಲಿಸಬೇಕು. "ಮದ್ದು ಎಂದೋ ಸಿಕ್ಕಿದೆ, ಲಾಭ ಹೋದೀತೆಂದು ಕಂಪನಿಗಳು ಬಚ್ಚಿಟ್ಟಿವೆ" ಎಂಬ ಮಾತು ಅದು. ಕಂಪನಿಗಳ ಲೋಭದ ಬಗ್ಗೆ ನನಗೂ ಭ್ರಮೆಯಿಲ್ಲ. ಆದರೆ ಲೋಭಿಯು ಚಿನ್ನವನ್ನು ಹೂಳುವುದಿಲ್ಲ, ಮಾರುತ್ತಾನೆ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗವನ್ನು ಗುಣಪಡಿಸುವ ಸೊಫೊಸ್ಬುವಿರ್ ಗುಳಿಗೆ 2013ರಲ್ಲಿ ಬಂದಾಗ ಕಂಪನಿ ಅದನ್ನು ಬಚ್ಚಿಡಲಿಲ್ಲ. ಗುಳಿಗೆಯೊಂದಕ್ಕೆ ಸಾವಿರ ಡಾಲರಿನಂತೆ, ಹನ್ನೆರಡು ವಾರದ ಚಿಕಿತ್ಸೆಗೆ 84,000 ಡಾಲರಿನಂತೆ ಅಮೆರಿಕದಲ್ಲಿ ಮಾರಿತು. ಮದ್ದಿಗೆ ಅವರು ಹಾಕುವುದು ಬೆಲೆಯ ಬೇಲಿಯನ್ನು. ನಮ್ಮ ಸಂಶಯ ನಿಲ್ಲಬೇಕಾದ ಜಾಗ ಆ ಬೇಲಿಯ ಬುಡ.

ಅಲ್ಲಿ ನಿಂತವರು ಗೆದ್ದೂ ಇದ್ದಾರೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿನ ಸೊರಾಫೆನಿಬ್ ಔಷಧಕ್ಕೆ ಬಾಯರ್ ಕಂಪನಿ ತಿಂಗಳಿಗೆ ಸುಮಾರು 2,80,000 ರೂಪಾಯಿ ಪಡೆಯುತ್ತಿತ್ತು. 2012ರ ಮಾರ್ಚ್‌ನಲ್ಲಿ ನಮ್ಮ ದೇಶದ ಪೇಟೆಂಟ್ ಮಹಾನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ನೀಡಿ ಅದನ್ನು 8,880 ರೂಪಾಯಿಗೆ ಮಾರುವಂತೆ ಮಾಡಿದರು. ಇಮಾಟಿನಿಬ್ಬಿನ ಮಾರ್ಪಡಿಸಿದ ರೂಪಕ್ಕೆ ನೋವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ತಿಂಗಳಿಗೆ ಲಕ್ಷಕ್ಕೂ ಮೀರಿದ ಖರ್ಚಿನ ಔಷಧ ಹತ್ತು ಸಾವಿರದೊಳಗೆ ದೊರೆಯುವ ದಾರಿ ಇದರಿಂದ ತೆರೆದೇ ಉಳಿಯಿತು. ಕ್ಯಾನ್ಸರ್ ರೋಗಿಯ ಪಾಲಿಗೆ ಇವಕ್ಕಿಂತ ದೊಡ್ಡ ಸುದ್ದಿಗಳು ಯಾವುವು? ಇವನ್ನು ನಮ್ಮ ಸಂಘದಲ್ಲಿ ಯಾರಾದರೂ ಗಟ್ಟಿಯಾಗಿ ಓದಿದ್ದು ನನಗೆ ನೆನಪಿಲ್ಲ.

ಹಾಗೆಯೇ ನಮ್ಮ ಕಾಲಬುಡದಲ್ಲಿ ನಡೆದುದನ್ನೂ ನಾವು ಗಮನಿಸಲಿಲ್ಲ. ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ನಡೆಸಿದರು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ವಿನೆಗರಿನಂಥ ದ್ರಾವಣ ಹಚ್ಚಿ ಬರಿಗಣ್ಣಿನಿಂದ ಪರೀಕ್ಷಿಸುವುದು ಅದರ ಕ್ರಮ. ಗರ್ಭಕಂಠದ ಕ್ಯಾನ್ಸರಿನ ಸಾವುಗಳು ಇಷ್ಟರಿಂದಲೇ ನೂರಕ್ಕೆ 31ರಷ್ಟು ಇಳಿದುದು 2013ರಲ್ಲಿ ಪ್ರಕಟವಾಯಿತು. ನುರಿತ ಕೈಗಳಿಂದ ಸ್ತನಪರೀಕ್ಷೆ ಮಾಡಿಸಿದರೆ ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವುಗಳು ನೂರಕ್ಕೆ ಮೂವತ್ತರ ಸಮೀಪ ಇಳಿಯುತ್ತವೆಂಬುದು ಇಪ್ಪತ್ತು ವರ್ಷಗಳ ಅಧ್ಯಯನದಿಂದ 2021ರಲ್ಲಿ ತಿಳಿಯಿತು. ಐವತ್ತರೊಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲವೆಂಬುದನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು. ಪ್ರಾಮಾಣಿಕ ಲೆಕ್ಕವೆಂದರೆ ಹೀಗಿರುತ್ತದೆ. ಬಾರದ ಲಸಿಕೆಗಾಗಿ ನಾವು ರಷ್ಯಾದತ್ತ ನೋಡುತ್ತೇವೆ. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆ 2006ರಿಂದ ಲೋಕದಲ್ಲಿದೆ. ಪುಣೆಯ ಸೀರಮ್ ಸಂಸ್ಥೆಯ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿಯೂ ದೊರೆತಿದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಹೆಣ್ಣುಮಕ್ಕಳಿಗೆ ಹಾಕಿಸಿದ್ದೇವೆ?

2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ವರ್ಷ ಭಾರತದಲ್ಲಿ ಹೊಸದಾಗಿ ಕ್ಯಾನ್ಸರ್ ತಗುಲಿದವರು 14 ಲಕ್ಷಕ್ಕೂ ಹೆಚ್ಚು, ಸತ್ತವರು 9 ಲಕ್ಷಕ್ಕೂ ಹೆಚ್ಚು. ಈ ಸಂಖ್ಯೆಯ ಮುಂದೆ ನಗೆಚಾಟಿಕೆಯಾಗಲಿ ಜೈಕಾರವಾಗಲಿ ಉತ್ತರವಾಗಲಾರದು. ಹಾಗಾಗಿ ಕೆಲವು ಪ್ರಶ್ನೆಗಳನ್ನು ಓದುಗ ಬಂಧುಗಳ ಮುಂದಿಡುತ್ತೇನೆ. ಇಂಥ ಸುದ್ದಿ ಕಣ್ಣಿಗೆ ಬಿದ್ದಾಗ ಕೇಳಿರಿ: ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ? ಮನುಷ್ಯರಾದರೆ ಎಷ್ಟು ಮಂದಿ? ಯಾವ ಅಂಗದ ಕ್ಯಾನ್ಸರ್, ಯಾವ ಹಂತ? ಗೆಡ್ಡೆ ಕುಗ್ಗಿತೋ, ಆಯುಷ್ಯ ಬೆಳೆಯಿತೋ? ಇವೆರಡೂ ಒಂದೇ ಅಲ್ಲ. ಮೇಲೆ ಹೇಳಿದ ಬೆವಾಸಿಜುಮಾಬಿಗೆ ಸ್ತನ ಕ್ಯಾನ್ಸರಿನ ಮಟ್ಟಿಗೆ ಅಮೆರಿಕ 2008ರಲ್ಲಿ ಕೊಟ್ಟ ಅನುಮತಿಯನ್ನು, ಅದರಿಂದ ಆಯುಷ್ಯ ಬೆಳೆದುದು ಕಾಣಲಿಲ್ಲವೆಂದು 2011ರಲ್ಲಿ ಹಿಂತೆಗೆದುಕೊಂಡಿತು. ಕೊನೆಯದಾಗಿ, ಇಂದು ಅದು ಎಲ್ಲಿ, ಯಾವ ಬೆಲೆಗೆ ಸಿಗುತ್ತದೆ? ಇವಕ್ಕೆ ಉತ್ತರವಿಲ್ಲದ ಸುದ್ದಿಯನ್ನು ನಂಬಲೂ ಬೇಡಿ, ಹಂಚಲೂ ಬೇಡಿ. ಉತ್ತರವಿದ್ದರೆ ನಗಬೇಡಿ, ಅದನ್ನು ನಿಮ್ಮ ವೈದ್ಯರ ಬಳಿಗೆ ಒಯ್ದು ಕೇಳಿ. ಮತ್ತು ಎಂಥ ಸುದ್ದಿಗಾಗಿಯೂ, ಎಷ್ಟೇ ದೊಡ್ಡ ಅಕ್ಷರದಲ್ಲಿ ಬಂದಿದ್ದರೂ, ಗೊತ್ತಾದ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬೇಡಿ.

ಸಂಘದ ಮುಂದೆಯೂ ನನ್ನದೊಂದು ಬೇಡಿಕೆಯಿದೆ. ಪರೇಲಿನ ಕಾಲುದಾರಿಯಲ್ಲಿ ಫೈಲು ಅವುಚಿಕೊಂಡು ಮಲಗುವವರಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರೂ ಇದ್ದಾರೆ. ವೈದ್ಯರು ಹೇಳಿದ್ದು ಅವರಿಗೆ ತಿಳಿಯದು, ಅವರು ಕೇಳಬೇಕೆಂದದ್ದು ವೈದ್ಯರಿಗೆ ತಿಳಿಯದು. ತಿಳಿಯದ ಕಡೆ ವದಂತಿ ಬೆಳೆಯುತ್ತದೆ. ವರ್ಷಕ್ಕೆ ಮೂರು ನಾಟಕ, ಎರಡು ಸನ್ಮಾನ ಮಾಡುವ ನಾವು ವಾರಕ್ಕೆ ಎರಡು ದಿನ ನಾಲ್ವರನ್ನು ಅಲ್ಲಿಗೆ ಕಳಿಸಿ, ಕನ್ನಡದಲ್ಲಿ ಕೇಳಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಹೇಳುವ ಕೆಲಸ ಮಾಡಲಾರೆವೆ? ಕನ್ನಡದ ಸೇವೆಯೆಂದರೆ ಇದೂ ಅಲ್ಲವೆ? ಮೊದಲ ನಾಲ್ವರ ಪಟ್ಟಿಯಲ್ಲಿ ನನ್ನ ಹೆಸರನ್ನು ಬರೆದುಕೊಳ್ಳಬಹುದು.

ಅಕ್ಕನ ರೇಡಿಯೇಷನ್ ಮುಗಿದಿದೆ. ಮುಂದಿನದನ್ನು ಈಗಲೇ ಹೇಳಲಾಗದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಆ ಸ್ಪಷ್ಟತೆಗೆ ನಾನು ಅವರಿಗೆ ಋಣಿ. ಮೊನ್ನೆ ಮಗ ಕಳಿಸಿದ ಇನ್ನೊಂದು ತುಣುಕನ್ನು ಅವಳು ಫೋನಿನಲ್ಲಿ ತೋರಿಸಿ, "ಇದು ಖರೇ ಏನೋ ತಮ್ಮಾ?" ಎಂದು ಕೇಳಿದಳು. ಇಬ್ಬರೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆವು. ಇಲಿಗಳ ಮೇಲಿನ ಪ್ರಯೋಗ ಎಂಬ ಮಾತು ಕೊನೆಯ ಸಾಲಿನಲ್ಲಿತ್ತು. ಅದನ್ನು ಮೊದಲು ಕಂಡವಳು ಅಕ್ಕನೇ.